ಹತ್ತೂವರೆಯಿಂದ ಮೂರೂವರೆ

ಪುಷ್ಪಲತಾ ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸಕ್ಕಿದ್ದಳು. ಮೂವತ್ತು ಹಾಸಿಗೆಯ ಆಸ್ಪತ್ರೆ. ಒಳಗೆ ಕಾಲಿಟ್ಟ ಕೂಡಲೇ ಎಡಕ್ಕೆ ಅವಳ ಕಿಟಕಿ. ಕೊಟ್ಟೂರಿನಿಂದ ಬೆಳಿಗ್ಗೆ ಎಂಟರ ಬಸ್ಸಿಗೆ ಬಂದು ಸಂಜೆ ಆರರ ಬಸ್ಸಿಗೆ ಮರಳುತ್ತಿದ್ದಳು. ಒಂಬತ್ತು ವರ್ಷದಿಂದ ಹೀಗೇ ನಡೆದಿತ್ತು. ಓದು ಬಾರದವರಿಗೆ ಅವಳು ಮಾತ್ರೆಯ ಕವರಿನ ಮೇಲೆ ಮುಂಜಾನೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು, ಎರಡೆರಡು ಸಲ ಬಿಡಿಸಿ ಹೇಳಿ ಕಳಿಸುತ್ತಿದ್ದಳು. ಅದಕ್ಕೇ ಸುತ್ತಲ ಹಳ್ಳಿಯವರಿಗೆ ಅವಳ ಮೇಲೆ ನಂಬಿಕೆ. ಬೇರೆ ಕಡೆ ಔಷಧಿ ತಗೊಂಡವರೂ ಅವಳ ಕಿಟಕಿಗೆ ಬಂದು, "ಇದನ್ನ ಯಾವಾಗ ನುಂಗೋದು ಹೇಳ್ರಿ" ಎಂದು ಕೇಳುವುದಿತ್ತು.

ಅನ್ನದಾನಮ್ಮ ಹಂಪಸಾಗರದವಳು. ವಯಸ್ಸು ಐವತ್ತೈದರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಟ್ಟು ಒಬ್ಬನೇ ಮಗನನ್ನು ಬೆಳೆಸಿದವಳು. ಮಗ ಅಮರೇಶ್ ಈಗ ಊರಲ್ಲೇ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ. ಎರಡು ವರ್ಷದಿಂದ ಅನ್ನದಾನಮ್ಮನ ಕೈಬೆರಳಿನ ಗಿಣ್ಣುಗಳು ಬಾತುಕೊಂಡು, ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಿಕ್ಕೂ ಆಗುತ್ತಿರಲಿಲ್ಲ. ಹಿಟ್ಟು ನಾದುವುದಂತೂ ದೂರದ ಮಾತು. ನೋವಿನ ಮಾತ್ರೆ ನುಂಗಿ ನುಂಗಿ ಸಾಕಾದ ಮೇಲೆ ಅಮರೇಶ್ ಅವಳನ್ನು ಆ ಆಸ್ಪತ್ರೆಗೆ ಕರೆತಂದ. ಅಲ್ಲಿಗೆ ಪ್ರತಿ ಗುರುವಾರ ಹೊಸಪೇಟೆಯಿಂದ ಕೀಲುಬೇನೆಯ ಡಾಕ್ಟರು ಬರುತ್ತಿದ್ದರು.

ಡಾಕ್ಟರು ಎರಡು ಮಾತ್ರೆ ಬರೆದರು. ಒಂದು ಮೆಥೊಟ್ರೆಕ್ಸೇಟ್. ಕೀಲುಬೇನೆಗೆ ಒಳ್ಳೆಯ ಔಷಧಿ, ಆದರೆ ವಾರಕ್ಕೆ ಒಂದೇ ಸಲ ನುಂಗಬೇಕು. ದಿನಾ ನುಂಗಿದರೆ ಅದು ರಕ್ತ ಹುಟ್ಟುವುದನ್ನೇ ನಿಲ್ಲಿಸಿಬಿಡುತ್ತದೆ. ಇನ್ನೊಂದು ಫೋಲಿಕ್ ಆಸಿಡ್, ಸಾದಾ ವಿಟಮಿನ್, ಅದು ದಿನಾ ಒಂದು. ಎರಡೂ ಹಳದಿ. ಎರಡೂ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡವು.

ಆ ಗುರುವಾರ ಕಿಟಕಿಯ ಮುಂದೆ ಐವತ್ತು ಜನರಿದ್ದರು. ಪುಷ್ಪಲತಾ ಎರಡು ಕವರು ತೆಗೆದುಕೊಂಡು ಒಂದರ ಮೇಲೆ ಸೂರ್ಯನನ್ನು ಬರೆದಳು. ಇನ್ನೊಂದರ ಮೇಲೆ ಕೆಂಪು ಗೆರೆ ಎಳೆದು "ಗುರುವಾರ ಮಾತ್ರ" ಎಂದು ಬರೆದಳು. ಡಾಕ್ಟರು ಮೆಥೊಟ್ರೆಕ್ಸೇಟ್ ನಾಲ್ಕೇ ಮಾತ್ರೆ ಅಂತ ಬರೆದಿದ್ದರು. ಮಾತ್ರೆಯ ಪಟ್ಟಿ ಕತ್ತರಿಸಿದರೆ ಉಳಿದ ತುಂಡು ಕಂಪನಿಗೆ ವಾಪಸ್ ಹೋಗುವುದಿಲ್ಲ, ಇಡೀ ಪಟ್ಟಿಯನ್ನೇ ಕೊಡಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರಿಂದ ಅವಳು ಹತ್ತು ಮಾತ್ರೆಯ ಪಟ್ಟಿಯನ್ನೇ ತೆಗೆದಳು. ಅಷ್ಟರಲ್ಲಿ ವಾರ್ಡಿನಿಂದ ಫೋನು ಬಂತು. ಫೋನನ್ನು ಕಿವಿ ಮತ್ತು ಭುಜದ ನಡುವೆ ಒತ್ತಿ ಹಿಡಿದು ಮಾತಾಡುತ್ತಲೇ ಪಟ್ಟಿಗಳನ್ನು ಕವರಿಗೆ ಹಾಕಿದಳು. ಮೆಥೊಟ್ರೆಕ್ಸೇಟ್ ಹೋಗಿ ಸೂರ್ಯನ ಕವರಿನಲ್ಲಿ ಬಿತ್ತು.

ಆ ಕ್ಷಣ ಅವಳಿಗೆ ಇವತ್ತಿಗೂ ನೆನಪಿಗೆ ಬರುವುದಿಲ್ಲ. ಎಷ್ಟು ಸಲ ಕಣ್ಣು ಮುಚ್ಚಿ ಹುಡುಕಿದರೂ ಸಿಗುವುದಿಲ್ಲ.

"ನನಗ ಓದಾಕ ಬರಂಗಿಲ್ಲ ತಂಗಿ, ತಿಳಿಯಂಗ ಹೇಳವ್ವಾ" ಎಂದಳು ಅನ್ನದಾನಮ್ಮ.

"ನೋಡ್ರಿ ಅಮ್ಮಾ, ಸೂರ್ಯ ಬರದೀನಲ್ಲ, ಇದು ದಿನಾ ಮುಂಜಾನಿ ಒಂದು. ಕೆಂಪು ಗೆರಿ ಇದ್ದದ್ದು ಗುರುವಾರಕ್ಕ ಒಂದು, ಅಷ್ಟ. ತಪ್ಪಿಸಬಾರದು ಮತ್ತ."

"ಇಲ್ಲವ್ವಾ, ತಪ್ಪಿಸಂಗಿಲ್ಲ."

ಅನ್ನದಾನಮ್ಮ ತಪ್ಪಿಸಲಿಲ್ಲ. ಶುಕ್ರವಾರದಿಂದ ದಿನಾ ಬೆಳಿಗ್ಗೆ ಸೂರ್ಯನ ಕವರಿನಿಂದ ಒಂದು ಮಾತ್ರೆ ನುಂಗಿದಳು.

ಮುಂದಿನ ಶುಕ್ರವಾರ ಅವಳು ಒಬ್ಬಳೇ ಬಸ್ಸು ಹತ್ತಿ ಬಂದು ಕಿಟಕಿಯ ಮುಂದೆ ನಿಂತಳು. ಡಾಕ್ಟರ ಚೀಟಿ ಮಾಡಿಸಿರಲಿಲ್ಲ. ಸೀದಾ ಪುಷ್ಪಲತಾಳ ಹತ್ತಿರವೇ ಬಂದಿದ್ದಳು.

"ಬಾಯಿ ತುಂಬ ಹುಣ್ಣಾಗ್ಯಾವ ತಂಗಿ. ಖಾರ ಹೋಗ್ಲಿ, ನೀರು ಕುಡದ್ರೂ ಉರಿತೈತಿ. ಏನರ ಹಚ್ಚಾಕ ಕೊಡು."

ಪುಷ್ಪಲತಾ ಹೊಸ ಸರಕಿನ ಪೆಟ್ಟಿಗೆ ಬಿಚ್ಚುತ್ತಿದ್ದಳು. ತಲೆಯೆತ್ತಿ ನೋಡಿ ನಕ್ಕಳು. "ಕಾವಾಗಿರ್ತೈತಿ ಅಮ್ಮಾ. ಮಜ್ಜಿಗಿ ಕುಡೀರಿ" ಎಂದು ಬಾಯಿಗೆ ಹಚ್ಚುವ ಮುಲಾಮು, ಒಂದು ಪಟ್ಟಿ ಬಿ-ಕಾಂಪ್ಲೆಕ್ಸ್ ಕೊಟ್ಟು ಕಳಿಸಿದಳು. ಮೆಥೊಟ್ರೆಕ್ಸೇಟ್ ನುಂಗುವವರ ಬಾಯಲ್ಲಿ ಹುಣ್ಣಾದರೆ ಅದೇ ಮೊದಲ ಎಚ್ಚರಿಕೆ, ಕೂಡಲೇ ಔಷಧಿ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ಅದನ್ನು ಅವಳು ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು. ಆದರೆ ಅವತ್ತು ಅವಳು ಅನ್ನದಾನಮ್ಮನ ಮುಖವನ್ನಷ್ಟೇ ಗುರುತು ಹಿಡಿದಳು. ಆಕೆ ಏನು ನುಂಗುತ್ತಿದ್ದಾಳೆ ಎಂದು ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಮರೇಶ್ ತಾಯಿಯನ್ನು ಆಟೊದಲ್ಲಿ ಮಲಗಿಸಿಕೊಂಡು ಬಂದ. ಸುಡುವ ಜ್ವರ. ತುಟಿ ಒಡೆದು ರಕ್ತ ಒಸರುತ್ತಿತ್ತು. ತೋಳಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಆಸ್ಪತ್ರೆಯ ಯಜಮಾನರಾದ ಡಾಕ್ಟರ್ ಗುರುಬಸವರಾಜ ಅವರೇ ನೋಡಿ ದಾಖಲು ಮಾಡಿಕೊಂಡರು. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣಗಳು ಒಂಬೈನೂರಕ್ಕೆ ಇಳಿದಿದ್ದವು. ಪ್ಲೇಟ್‌ಲೆಟ್ ಹದಿನೆಂಟು ಸಾವಿರ. ಆ ತಿಂಗಳು ಊರ ತುಂಬ ಡೆಂಗಿ. ವಾರ್ಡಿನಲ್ಲಿ ಆಗಲೇ ಆರು ಜನ ಅದೇ ಜ್ವರಕ್ಕೆ ಮಲಗಿದ್ದರು. ಡಾಕ್ಟರು ಇದೂ ಅದೇ ಇರಬೇಕೆಂದುಕೊಂಡರು. ಆದರೂ, "ಈಕಿ ಮೊದಲಿಂದ ಏನೇನು ಗುಳಿಗಿ ತಗೊಂತಾಳ, ಒಂದು ಪಟ್ಟಿ ಮಾಡಿಸ್ರಿ" ಎಂದು ನರ್ಸ್ ನಾಗರತ್ನಳಿಗೆ ಹೇಳಿದರು.

ನಾಗರತ್ನ, ಅಮರೇಶ್ ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ತಂದು ಕಿಟಕಿಯೊಳಗೆ ಇಟ್ಟಳು. "ಪುಷ್ಪಕ್ಕ, ಇದ್ರಾಗಿನ ಗುಳಿಗಿ ಹೆಸರು ಬರದು ಕೊಡ್ರಿ. ಡಾಕ್ಟ್ರು ಕೇಳಾಕತ್ಯಾರ."

ಗೋಡೆಯ ಗಡಿಯಾರದಲ್ಲಿ ಹತ್ತೂವರೆ.

ಪುಷ್ಪಲತಾ ಚೀಲದಿಂದ ಮೊದಲು ತೆಗೆದದ್ದೇ ಸೂರ್ಯನ ಕವರು. ತಾನೇ ಬರೆದ ಸೂರ್ಯ. ಒಳಗಿದ್ದ ಪಟ್ಟಿಯನ್ನು ಹೊರಗೆಳೆದಳು. ಮೆಥೊಟ್ರೆಕ್ಸೇಟ್. ಒಂಬತ್ತು ಗೂಡು ಖಾಲಿ, ಒಂದು ಮಾತ್ರೆ ಉಳಿದಿತ್ತು.

ಅವಳಿಗೆ ಮೊದಲು ಆದದ್ದು ಭಯ. ದುಃಖವೂ ಅಲ್ಲ, ಮರುಕವೂ ಅಲ್ಲ, ಬರೀ ಭಯ. ಕಿಟಕಿಯಾಚೆ ಯಾರೋ, "ಅಕ್ಕಾರ, ನನ್ನ ಚೀಟಿ ನೋಡ್ರಿ" ಎಂದು ಎರಡು ಸಲ ಕರೆದರು. ಅವಳು ಹಿಂತಿರುಗಿ ಕಪಾಟಿನ ಮರೆಗೆ ಹೋಗಿ ನಿಂತಳು. ಲೈಸೆನ್ಸು ಹೋಗುತ್ತದೆ ಎಂಬುದು ಮೊದಲ ಯೋಚನೆ. ಪೊಲೀಸರು ಬರುತ್ತಾರೆ ಎಂಬುದು ಎರಡನೆಯದು. ಪೇಪರಿನಲ್ಲಿ ಹೆಸರು ಬರುತ್ತದೆ, ಕೊಟ್ಟೂರಿನಲ್ಲಿ ಮಗಳ ಶಾಲೆಯಲ್ಲಿ ಎಲ್ಲರೂ ಓದುತ್ತಾರೆ. ಅನ್ನದಾನಮ್ಮನ ನೆನಪು ಅವಳಿಗೆ ಬಂದದ್ದು ಇವೆಲ್ಲ ಆದ ಮೇಲೆ. ಆ ಕ್ರಮ ಅವಳಿಗೆ ಚೆನ್ನಾಗಿ ನೆನಪಿದೆ.

ಎರಡು ಕವರುಗಳನ್ನೂ ಮಡಚಿ ತನ್ನ ಬಿಳಿ ಕೋಟಿನ ಜೇಬಿಗೆ ಹಾಕಿದಳು. ಆಮೇಲೆ ಒಂದು ಹಾಳೆಯ ಮೇಲೆ, ಡಾಕ್ಟರ ಹಳೆಯ ಚೀಟಿಯಲ್ಲಿ ಇದ್ದಂತೆಯೇ ಬರೆದಳು: ಮೆಥೊಟ್ರೆಕ್ಸೇಟ್ ವಾರಕ್ಕೊಂದು, ಫೋಲಿಕ್ ಆಸಿಡ್ ದಿನಾ ಒಂದು. ಅಕ್ಷರ ದುಂಡಗೇ ಬಂದವು. ನಾಗರತ್ನ ಬಂದು ಹಾಳೆ ಒಯ್ದಳು.

ಡಾಕ್ಟರು ಹಾಳೆ ನೋಡಿದರು. ವಾರಕ್ಕೊಂದು ಎಂದಿತ್ತು. ಇಷ್ಟಕ್ಕೆ ಹೀಗಾಗುವುದಿಲ್ಲ ಎಂದುಕೊಂಡು ಡೆಂಗಿಯ ಚಿಕಿತ್ಸೆಯನ್ನೇ ಮುಂದುವರಿಸಿದರು.

ಆ ವಿಷ ಇಳಿಸಲು ಒಂದು ಇಂಜೆಕ್ಷನ್ ಇದೆ ಎಂಬುದು ಪುಷ್ಪಲತಾಳಿಗೆ ಗೊತ್ತಿತ್ತು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು ಎಂಬುದೂ ಗೊತ್ತಿತ್ತು. ತಮ್ಮ ಕಪಾಟಿನಲ್ಲಿ ಅದು ಇರಲಿಲ್ಲ. ಹನ್ನೆರಡರ ಹೊತ್ತಿಗೆ ಅವಳು ಹಿಂದಿನ ಗೋದಾಮಿಗೆ ಹೋಗಿ ಬಾಗಿಲು ಎಳೆದುಕೊಂಡು ಹೊಸಪೇಟೆಯ ಸಗಟು ಅಂಗಡಿಗೆ ಫೋನು ಮಾಡಿದಳು. ಯಾರಿಗೂ ಗೊತ್ತಾಗದಂತೆ ಇಂಜೆಕ್ಷನ್ ತರಿಸಿ, ಏನೋ ನೆಪ ಹೇಳಿ ಡಾಕ್ಟರ ಮುಂದೆ ಇಡಬಹುದು ಎಂಬ ಹುಚ್ಚು ಯೋಚನೆ.

"ಸ್ಟಾಕ್ ಇಲ್ರಿ ಮೇಡಂ. ಬಳ್ಳಾರಿಯಿಂದ ತರಿಸಬೇಕು" ಎಂದ ಆ ಕಡೆಯವನು. "ಯಾವ ಪೇಶಂಟಿಗೆ? ಡಾಕ್ಟರ ಹೆಸರು ಹೇಳ್ರಿ, ಚೀಟಿ ವಾಟ್ಸಾಪ್ ಮಾಡ್ರಿ. ಸಂಜಿ ಗಾಡಿಗೆ ಹಾಕಸ್ತೀನಿ."

ಪುಷ್ಪಲತಾ ಫೋನು ಇಟ್ಟಳು.

ಒಂದೂವರೆಗೆ ಎಲ್ಲರೂ ಊಟಕ್ಕೆ ಕೂತರು. ಅವಳೂ ಹೋಗಿ ನಾಗರತ್ನಳ ಪಕ್ಕ ಕೂತು ಡಬ್ಬಿ ಬಿಚ್ಚಿದಳು. ಊಟ ಬಿಟ್ಟರೆ ಯಾಕೆಂದು ಕೇಳುತ್ತಾರೆ. ಎರಡು ಚಪಾತಿ, ಹೆಸರುಕಾಳಿನ ಪಲ್ಯ. ಎಲ್ಲವನ್ನೂ ತಿಂದಳು. ನಾಗರತ್ನ ತನ್ನ ಡಬ್ಬಿಯ ಉಪ್ಪಿನಕಾಯಿ ಕೊಟ್ಟಳು, ಅದನ್ನೂ ತಿಂದಳು.

ಮೂರು ದಾಟಿದ ಮೇಲೆ ವಾರ್ಡಿಗೆ ಗ್ಲುಕೋಸ್ ಬಾಟಲಿ ಕೊಡುವ ನೆಪದಲ್ಲಿ ಅವಳು ಒಳಗೆ ಹೋದಳು. ಅನ್ನದಾನಮ್ಮ ಕಿಟಕಿಯ ಕಡೆಯ ಹಾಸಿಗೆಯಲ್ಲಿದ್ದಳು. ಬಾಯಿಗೆ ಒದ್ದೆ ಬಟ್ಟೆ ಹಿಡಿದಿದ್ದಳು, ಬಟ್ಟೆ ಕೆಂಪಗಾಗಿತ್ತು. ಅಮರೇಶ್ ಪ್ಲೇಟ್‌ಲೆಟ್ ವಿಚಾರಿಸಲಿಕ್ಕೆ ರಕ್ತನಿಧಿಯವರ ಜೊತೆ ಫೋನಿನಲ್ಲಿ ಮಾತಾಡುತ್ತಾ ಹೊರಗೆ ವರಾಂಡದಲ್ಲಿದ್ದ. ಅನ್ನದಾನಮ್ಮ ಕಣ್ಣು ತೆರೆದು ಪುಷ್ಪಲತಾಳ ಗುರುತು ಹಿಡಿದು, ಕೈ ಎತ್ತಿ ಹತ್ತಿರ ಕರೆದಳು. ಮಾತು ತೊದಲುತ್ತಿತ್ತು.

"ತಂಗಿ, ಸಿಟ್ಟಾಗಬ್ಯಾಡ. ನಿನ್ನಿ ಮುಂಜಾನಿ ಗುಳಿಗಿ ನುಂಗಾಕ ಆಗ್ಲಿಲ್ಲವ್ವಾ. ಇವತ್ತೂ ಆಗ್ಲಿಲ್ಲ. ಬಾಯಿ ತೆರಿಯಾಕ ಬರವಲ್ದು. ನೀ ತಪ್ಪಿಸಬ್ಯಾಡ್ರಿ ಅಂದಿದ್ದಿ. ಎರಡು ದಿನ ತಪ್ಪಿಸಿದ್ದಕ್ಕ ಹಿಂಗ ಆತೇನು?"

ಪುಷ್ಪಲತಾ ಆಕೆಯ ಕೈಯನ್ನು ಮಂಚದ ಮೇಲೆ ಇಟ್ಟು, "ಇಲ್ಲಮ್ಮಾ. ನಿಮ್ಮಿಂದ ಏನೂ ಆಗಿಲ್ಲ" ಎಂದಳು. ಅಲ್ಲಿಂದ ನೇರ ಡಾಕ್ಟರ ಕೋಣೆಗೆ ನಡೆದಳು. ಒಳಗೆ ಒಬ್ಬ ರೋಗಿ ಕೂತಿದ್ದ. ಅವನ ಮುಂದೆಯೇ ಜೇಬಿನಿಂದ ಎರಡು ಕವರು ತೆಗೆದು ಮೇಜಿನ ಮೇಲೆ ಇಟ್ಟಳು.

"ಸರ್, ಅನ್ನದಾನಮ್ಮಗ ಡೆಂಗಿ ಅಲ್ರಿ. ನಾ ಕವರ್ ಅದಲು ಬದಲು ಮಾಡೀನಿ. ಒಂಬತ್ತು ದಿನ ದಿನಾ ಮೆಥೊಟ್ರೆಕ್ಸೇಟ್ ನುಂಗ್ಯಾರ."

ಡಾಕ್ಟರು ಕವರು ಎತ್ತಿ ನೋಡಿದರು. ಪಟ್ಟಿ ಎಣಿಸಿದರು. ಕುರ್ಚಿಯಿಂದ ಎದ್ದುಬಿಟ್ಟರು.

"ಇದು ನಿನಗ ಯಾವಾಗ ಗೊತ್ತಾತು?"

ಅವಳು ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ಈಗ್ರಿ ಸರ್. ಮುಂಜಾನಿ ಹಳೇ ಚೀಟಿ ನೋಡಿ ಬರದು ಕೊಟ್ಟಿದ್ದೆ. ಈಗ ಚೀಲ ಬಿಚ್ಚಿದೆ."

ಡಾಕ್ಟರಿಗೆ ಮುಂದೆ ಕೇಳುವ ಪುರುಸೊತ್ತಿರಲಿಲ್ಲ. ಆಗ ಮೂರೂವರೆ. ಹತ್ತು ನಿಮಿಷದಲ್ಲಿ ಅವರು ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಫೋನು ಮಾಡಿ ಇಂಜೆಕ್ಷನ್ ತಯಾರಿಡಲು ಹೇಳಿದರು. ಅಮರೇಶನನ್ನು ಕೂರಿಸಿ, "ನಮ್ಮಿಂದ ತಪ್ಪಾಗೈತಪ್ಪಾ" ಎಂದು ನಡೆದದ್ದನ್ನು ಹೇಳಿದರು. ನಾಲ್ಕಕ್ಕೆಲ್ಲ ಆಂಬುಲೆನ್ಸ್ ಹೊರಟಿತು.

ಅನ್ನದಾನಮ್ಮ ಬಳ್ಳಾರಿಯಲ್ಲಿ ಹತ್ತೊಂಬತ್ತು ದಿನ ಇದ್ದಳು. ಮೊದಲ ಐದು ದಿನ ಏನೂ ಹೇಳಲಾಗುವುದಿಲ್ಲ ಎಂದಿದ್ದರು. ಆರನೆಯ ದಿನ ಬಿಳಿ ಕಣ ಏರತೊಡಗಿದವು. ಪುಷ್ಪಲತಾ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಅಮರೇಶನಿಗೆ ಫೋನು ಮಾಡುತ್ತಿದ್ದಳು. ಅವನು ಮೊದಲೆರಡು ದಿನ ಎತ್ತಲಿಲ್ಲ. ಮೂರನೆಯ ದಿನ ಎತ್ತಿದ. ಆಮೇಲಾಮೇಲೆ ಅವನೇ, "ಅಕ್ಕಾರ, ಇವತ್ತು ಗಂಜಿ ಕುಡದಾಳ್ರಿ" ಎಂದು ತಿಳಿಸತೊಡಗಿದ. ಆ "ಅಕ್ಕಾರ" ಎಂಬ ಮಾತು ಅವಳಿಗೆ ಚುಚ್ಚುತ್ತಿತ್ತು.

ಅಪಾಯ ದಾಟಿತು ಎಂದ ಮೇಲೆ ಡಾಕ್ಟರ್ ಗುರುಬಸವರಾಜ ಎಲ್ಲ ಸಿಬ್ಬಂದಿಯನ್ನು ಕೂರಿಸಿದರು. ಬೈಗುಳ ಬರುತ್ತದೆ ಎಂದು ಎಲ್ಲರೂ ತಲೆ ತಗ್ಗಿಸಿದ್ದರು.

"ಪಟ್ಟಿ ಕತ್ತರಿಸಬ್ಯಾಡ್ರಿ ಅಂತ ಹೇಳಿದ್ದು ನಾನ" ಎಂದರು ಡಾಕ್ಟರು. "ನಾಕು ಗುಳಿಗಿ ಕೊಟ್ಟಿದ್ರ ನಾಕ ದಿನಕ್ಕ ಮುಗೀತಿದ್ವು. ಐವತ್ತು ಮಂದಿ ಮುಂದ ಒಬ್ಬಾಕೀನ ಕೂರಿಸಿ, ಅದರ ಮ್ಯಾಲ ವಾರ್ಡಿನ ಫೋನು ಅಕೀಗೇ ಕೊಟ್ಟಿದ್ದೂ ನಾನ." ಇನ್ನು ಮೇಲೆ ಮೆಥೊಟ್ರೆಕ್ಸೇಟ್ ಬೇರೆ ಕಪಾಟಿನಲ್ಲಿ ಬೀಗದೊಳಗೆ ಇರಬೇಕು, ಎಣಿಸಿ ನಾಲ್ಕೇ ಕೊಡಬೇಕು, ಇಬ್ಬರು ನೋಡಿ ಸಹಿ ಹಾಕಬೇಕು, ಹೇಗೆ ನುಂಗುತ್ತೀರಿ ಎಂದು ರೋಗಿಯ ಬಾಯಿಂದಲೇ ಹೇಳಿಸಬೇಕು ಎಂದು ಹೊಸ ಕಟ್ಟಳೆ ಮಾಡಿದರು. ಕಡೆಗೆ ಪುಷ್ಪಲತಾಳ ಕಡೆ ಕೈ ತೋರಿಸಿದರು.

"ಈಕಿ ಗೊತ್ತಾದ ಕೂಡ್ಲೆ ಓಡಿ ಬಂದು ಹೇಳಿದ್ಲು. ಮುಚ್ಚಿಡಬಹುದಿತ್ತು, ಯಾರಿಗೂ ತಿಳೀತಿರಲಿಲ್ಲ. ಅನ್ನದಾನಮ್ಮ ಉಳದಿದ್ರ ಅದರಿಂದ. ನೀವೂ ಹಿಂಗ ಹೇಳಬೇಕು. ಹೇಳಿದವರನ್ನ ನಾ ಕೆಲಸದಿಂದ ತೆಗಿತೀನಿ ಅಂತ ಹೆದರಬ್ಯಾಡ್ರಿ."

ನಾಗರತ್ನ ಅವಳ ಭುಜ ಸವರಿದಳು. ಯಾರೋ ಚಪ್ಪಾಳೆ ತಟ್ಟಿದರು. ಪುಷ್ಪಲತಾ ಎದ್ದು ಹೋಗಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಳು.

ಅವತ್ತು ಸಂಜೆ ಮನೆಯಲ್ಲಿ ಗಂಡ ಅರುಣಕುಮಾರನಿಗೆ ಎಲ್ಲವನ್ನೂ ಹೇಳಿದಳು. ಜೇಬಿಗೆ ಹಾಕಿಕೊಂಡ ಕವರು, ಸುಳ್ಳು ಹಾಳೆ, ಸಗಟು ಅಂಗಡಿಯ ಫೋನು.

"ಆಕಿ ಉಳದಾಳಲ್ಲ" ಎಂದ ಅವನು. "ತಪ್ಪು ಒಪ್ಪಿಕೊಂಡೀಯಲ್ಲ. ಅದಕ್ಕಿಂತ ಹೆಚ್ಚಿಂದು ಯಾಕ? ಈಗ ಹೇಳಿದ್ರ ಯಾರಿಗೆ ಏನು ಬಂತು?"

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಹದಿನೈದು ದಿನ ಅವಳು ಆ ಮಾತನ್ನು ಹಿಡಿದುಕೊಂಡು ಓಡಾಡಿದಳು. ಕಿಟಕಿಗೆ ಬಂದವರು ಅವಳ ಕೈಯಿಂದ ಮಾತ್ರೆ ಇಸಿದುಕೊಂಡು, "ನೀವು ಹೇಳಿದ್ರ ಆತು ಬಿಡ್ರಿ" ಅನ್ನುತ್ತಿದ್ದರು. ಆಗೆಲ್ಲ ಅವಳಿಗೆ ಆ ಐದು ತಾಸು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಹತ್ತೂವರೆಗೇ ಹೇಳಿದ್ದರೆ ಹನ್ನೊಂದಕ್ಕೆ ಆಂಬುಲೆನ್ಸ್ ಹೊರಡುತ್ತಿತ್ತು. ಎರಡರೊಳಗೆ ಇಂಜೆಕ್ಷನ್ ಆಗುತ್ತಿತ್ತು.

ಒಂದು ಭಾನುವಾರ ಅವಳು ಮನೆಯಲ್ಲಿ ಹೇಳದೆ ಬಸ್ಸು ಹತ್ತಿ ಹಂಪಸಾಗರಕ್ಕೆ ಹೋದಳು.

ಅನ್ನದಾನಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅರ್ಧಕ್ಕಿಂತ ಹೆಚ್ಚು ಕೂದಲು ಉದುರಿದ್ದರಿಂದ ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಳು. ಪುಷ್ಪಲತಾಳನ್ನು ನೋಡಿ ಮುಖ ಅರಳಿತು. "ಬಾ ತಂಗಿ, ಬಾ. ಅಮರೇಶ, ಚಾಪಿ ಹಾಸೋ" ಎಂದಳು. ಅಮರೇಶ್ ಚಾಪೆ ಹಾಸಿ, ಚಹಾಕ್ಕೆ ಹಾಲು ತರುತ್ತೇನೆಂದು ಹೊರಗೆ ಹೋದ.

ಅವನು ಬರುವುದರೊಳಗೆ ಹೇಳಬೇಕೆಂದು ಪುಷ್ಪಲತಾ ಕೂತ ಕೂಡಲೇ ಹೇಳಿದಳು. ಯಾವುದನ್ನೂ ಬಿಡಲಿಲ್ಲ. ಅಳು ಬಂದರೂ ತಡೆದುಕೊಂಡಳು. ಅತ್ತರೆ ಆಕೆಯೇ ತನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಅದು ಬೇಡ ಎನ್ನಿಸಿತು.

ಅನ್ನದಾನಮ್ಮ ತಡೆಯದೆ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಕೇಳಿದಳು:

"ಹತ್ತೂವರಿಗೆ ಗೊತ್ತಿತ್ತು?"

"ಹೂಂನ್ರಿ."

"ಆವತ್ತು ಮಧ್ಯಾಹ್ನ ನಾ ಸಾಯ್ತೀನಿ ಅಂತ ತಿಳಕೊಂಡಿದ್ದೆ. ಅಮರೇಶನ್ನ ಕರದು, ನಾ ಹೋದ ಮ್ಯಾಲ ಯಾರ ಮನಿಗಿ ಹೋಗಬೇಕು, ಯಾರಿಗೆ ಹೇಳಬೇಕು ಅಂತೆಲ್ಲ ಹೇಳಿದೆ. ಬಾಯಾಗ ರಕ್ತ ತುಂಬಿ ಹೇಳಾಕ ಬರ್ತಿರಲಿಲ್ಲ. ಅವ ಗೋಡಿಗೆ ಹಣಿ ಇಟ್ಟು ಅತ್ತ." ಅವಳು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು. "ನೀ ಆವತ್ತು ಉಂಡ್ಯಾ?"

ಪುಷ್ಪಲತಾ ತಲೆ ಎತ್ತಲಿಲ್ಲ. "ಉಂಡೆನ್ರಿ."

ಅನ್ನದಾನಮ್ಮ ತನ್ನ ಬಾತ ಬೆರಳುಗಳನ್ನು ನೋಡಿಕೊಂಡಳು.

"ಗುಳಿಗಿ ಅದಲು ಬದಲಾಗಿದ್ದು ಕೈ ತಪ್ಪಿ ಆಗಿದ್ದು. ಅದನ್ನ ನಾ ಬಳ್ಳಾರ್ಯಾಗ ಮಲಗಿದ್ದಾಗ ಬಿಟ್ಟುಬಿಟ್ಟೀನಿ. ನನ್ನ ಕೈಯಾಗೂ ಎಷ್ಟು ರೊಟ್ಟಿ ಸುಟ್ಟು ಹೋಗಿಲ್ಲ? ಆದ್ರ ಇದನ್ನ ಬಿಡಾಕ ನನಗ ಬರವಲ್ದು ತಂಗಿ. ಸುಳ್ಳು ಹೇಳಿ ಏನು ಮಾಡ್ಲಿ?"

"ಬಿಡ್ರಿ ಅಂತ ಕೇಳಾಕ ಬಂದಿಲ್ರಿ ಅಮ್ಮಾ."

"ಡಾಕ್ಟ್ರಿಗೆ ಹೇಳೀಯೇನು?"

"ಇಲ್ರಿ."

"ಮೊದಲು ಅಲ್ಲಿ ಹೇಳಬೇಕಿತ್ತು. ನಿನ್ನ ನಂಬಿ ಅವರು ಇನ್ನೊಬ್ಬರ ಕೈಗೆ ಗುಳಿಗಿ ಕೊಡಿಸಾಕತ್ಯಾರ." ಅವಳು ಕಣ್ಣು ಮುಚ್ಚಿಕೊಂಡಳು. "ಅಮರೇಶ ಬರೂದ್ರೊಳಗ ಹೋಗು. ಅವಗ ನಾ ಹೇಳತೀನಿ. ನೀ ಇದ್ದಾಗ ಹೇಳಿದ್ರ ಅವ ಏನರ ಮಾಡಿಗೀಡಿಯಾನು."

ಪುಷ್ಪಲತಾ ಚಹಾ ಕುಡಿಯದೆ ಎದ್ದು ಬಂದಳು.

ಮರುದಿನ ಬೆಳಿಗ್ಗೆ ಕಿಟಕಿ ತೆರೆಯುವ ಮುಂಚೆ ಡಾಕ್ಟರ ಕೋಣೆಗೆ ಹೋದಳು. ಅವರು ಪೂರ್ತಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಹಾಳಿ ನೋಡಿ ನಾ ಡೆಂಗಿಗೆ ಔಷಧ ಮಾಡಿದೆ" ಎಂದರು. "ಇಷ್ಟು ವರ್ಷ ಓದಿ, ನೋಡಿ, ಇದು ನನಗ ಹೊಳೀಲಿಲ್ಲಲ್ಲ ಅಂತ ಈ ಒಂದು ತಿಂಗಳು ನನ್ನ ನಾನ ಬೈಕೊಂಡೀನಿ. ಬಳ್ಳಾರಿ ಡಾಕ್ಟ್ರ ಮುಂದ, ನಂದೂ ತಪ್ಪೈತಿ, ನಾ ನೋಡಬೇಕಿತ್ತು ಅಂತ ಹೇಳೀನಿ. ನಿನಗ ಗೊತ್ತಿತ್ತು, ನಾ ಬೈಕೊಳ್ಳೋದನ್ನ ನೋಡಿಕೊಂಡು ಕೂತಿದ್ದಿ."

ಅದು ಅವಳು ಯೋಚಿಸಿರದ ಮಾತು. ಆ ಸುಳ್ಳು ಅನ್ನದಾನಮ್ಮನನ್ನು ಮಾತ್ರವಲ್ಲ, ಇವರನ್ನೂ ಮುಟ್ಟಿತ್ತು.

ಡಾಕ್ಟರು ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿದರು. "ಗಂಟಿ ಸಮೇತ ಬರಿ. ಎಷ್ಟೊತ್ತಿಗೆ ಏನಾತು, ಎಲ್ಲಾ. ಬಳ್ಳಾರಿಗೂ ಒಂದು ಪ್ರತಿ ಕಳಸ್ತೀನಿ. ಮ್ಯಾಲಿನವರು ಕೇಳಿದ್ರ ಅವರಿಗೂ ಕೊಡ್ತೀನಿ. ಮುಂದ ಏನಾಗ್ತೈತೋ ಆಗ್ಲಿ. ಇವತ್ತಿಂದ ಕಿಟಕ್ಯಾಗ ಕೂರಬ್ಯಾಡ."

ಅವಳು ಬರೆದಳು. ಒಂದು ತಾಸು ಹಿಡಿಯಿತು. ಊಟದ ಸಾಲನ್ನು ಬರೆದು, ಹೊಡೆದು ಹಾಕಿ, ಮತ್ತೆ ಬರೆದಳು.

ಅಮರೇಶ್ ಮೂರನೆಯ ದಿನ ಬಂದ. ಎಲ್ಲರ ಮುಂದೆ ಕೂಗಾಡಿದ. "ಅಕ್ಕಾರ ಅಕ್ಕಾರ ಅಂತ ದಿನಾ ಫೋನ್ ಮಾಡಿ ಹೇಳತಿದ್ನಲ್ಲ, ನಾಚಿಕಿ ಬರಲಿಲ್ಲೇನು ನಿನಗ?" ಎಂದ. ಅವಳು ನಿಂತು ಕೇಳಿಸಿಕೊಂಡಳು. ಜಿಲ್ಲೆಯ ಔಷಧ ಅಧಿಕಾರಿಗಳಿಗೆ ಅವನು ದೂರು ಕೊಟ್ಟ. ಅವರು ಕರೆದಾಗ ಅವಳು ಹೋಗಿ ತಾನು ಬರೆದುಕೊಟ್ಟ ಹಾಳೆಯನ್ನೇ ಓದಿ ಹೇಳಿದಳು. ಅವಳ ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು. ಅರುಣಕುಮಾರ ಒಂದು ವಾರ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ತಾನೇ ಅವಳನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬಂದ.

ಆ ಐದು ತಾಸಿನಿಂದ ಎಷ್ಟು ಹೆಚ್ಚು ಹಾನಿಯಾಯಿತು ಎಂದು ಅವಳು ಬಳ್ಳಾರಿಯ ಡಾಕ್ಟರಿಗೇ ಫೋನು ಮಾಡಿ ಕೇಳಿದಳು. ಹೇಳಲಿಕ್ಕಾಗುವುದಿಲ್ಲ ಎಂದರು ಅವರು. ಇರಬಹುದು, ಇಲ್ಲದಿರಲೂಬಹುದು. ಅದಕ್ಕಿಂತ ಹೆಚ್ಚಿನ ಉತ್ತರ ಯಾರ ಹತ್ತಿರವೂ ಸಿಗಲಿಲ್ಲ.

ಡಾಕ್ಟರ್ ಗುರುಬಸವರಾಜ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಹಿಂದಿನ ಗೋದಾಮಿನಲ್ಲಿ ಪೆಟ್ಟಿಗೆ ಇಳಿಸಿಕೊಂಡು, ಅವಧಿ ಮುಗಿದ ಔಷಧಿ ಬೇರೆ ಮಾಡುವ ಕೆಲಸ ಕೊಟ್ಟರು. ಕಿಟಕಿಗೆ ಗೀತಾಂಜಲಿ ಎಂಬ ಹೊಸಬಳು ಬಂದಳು. ಒಂದು ಗುರುವಾರ ಪುಷ್ಪಲತಾ ಗೋದಾಮಿನ ಬಾಗಿಲಲ್ಲಿ ನಿಂತಿದ್ದಾಗ ಅನ್ನದಾನಮ್ಮ ಬಂದದ್ದು ಕಂಡಿತು. ಡಾಕ್ಟರು ಅವಳ ಔಷಧಿಯನ್ನೇ ಬದಲಿಸಿದ್ದರು. ಅವಳು ಕಿಟಕಿಯ ಮುಂದೆ ನಿಂತು ಗೀತಾಂಜಲಿಯ ಕೈಯಿಂದ ಪಟ್ಟಿ ಇಸಿದುಕೊಂಡು, ಬಾತ ಬೆರಳಿನಿಂದ ಒಂದೊಂದೇ ಮಾತ್ರೆ ಮುಟ್ಟಿ ಎಣಿಸಿದಳು. "ಇದು ದಿನಾ ಏನು, ವಾರಕ್ಕೇನು? ಮತ್ತೊಮ್ಮಿ ಹೇಳು" ಎಂದು ಮೂರು ಸಲ ಕೇಳಿದಳು. ಹಿಂದೆ ನಿಂತವರು ಗೊಣಗಿದರೂ ಬಿಡಲಿಲ್ಲ.

ತಿರುಗುವಾಗ ಅವಳಿಗೆ ಪುಷ್ಪಲತಾ ಕಂಡಳು. ಇಬ್ಬರೂ ಒಂದು ಕ್ಷಣ ನೋಡಿಕೊಂಡರು. ಅನ್ನದಾನಮ್ಮ ಮುಖ ತಿರುಗಿಸಲಿಲ್ಲ, ಮಾತಾಡಿಸಲೂ ಇಲ್ಲ. ಮಾತ್ರೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗೋಡೆ ಹಿಡಿದು ಮೆಲ್ಲಗೆ ಮೆಟ್ಟಿಲಿಳಿದು ಹೋದಳು. ಪುಷ್ಪಲತಾ ಒಳಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ಪೆಟ್ಟಿಗೆಯ ಮುಂದೆ ಕೂತಳು.